ಹದಿಮೂರರ ಒಳಗಿನವರಿಗೆ ಅಪ್ಪನ ಸಹಿ

ಕಳೆದ ವಾರ ಔರಂಗಾಬಾದಿನಲ್ಲಿ ಅಪರಿಚಿತರೊಬ್ಬರು ಒಂದು ಮನೆಯ ಬಾಗಿಲು ಬಡಿದರು. ತೆರೆದದ್ದು ಹನ್ನೊಂದು ವರ್ಷದ ಹುಡುಗಿ. ತೆರೆಯಲು ಅವಳಿಗೆ ಬೇಕಾದದ್ದು ನಾಲ್ಕು ಮಾತು ಕನ್ನಡ.

ನಾನು ಅಲ್ಲೇ ಇದ್ದೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಆಫೀಸಿನ ಕೆಲಸಕ್ಕೆ ನಾಸಿಕದಿಂದ ಹೋದವಳು ಗೆಳತಿಯ ಮನೆಯಲ್ಲಿ ಇಳಿದುಕೊಂಡಿದ್ದೆ. ಗೆಳತಿ, ಅವಳ ಗಂಡ ಬಸವರಾಜ ಇಬ್ಬರೂ ಭಾಲ್ಕಿಯವರು, ಇಬ್ಬರೂ ಬ್ಯಾಂಕಿನವರು. ಮಗಳು ಶ್ರೇಯಾ. ಕೆಲಸ ಬೇಗ ಮುಗಿದದ್ದರಿಂದ ಮಧ್ಯಾಹ್ನವೇ ಬಂದು ಒಳಕೋಣೆಯಲ್ಲಿ ಮಲಗಿದ್ದೆ. ಶ್ರೇಯಾ ಶಾಲೆ ಮುಗಿಸಿ ಬಂದು ಹೊರಗೆ ಓದುತ್ತಿದ್ದಳು.

“ಶ್ರೇಯಾ ಅಲ್ಲೇನವಾ ನೀ? ಬಸವರಾಜಪ್ಪನವರ ಮಗಳು? ನಾ ನಿಮ್ಮ ಕಡೆಯವನೇ.”

ಗಂಡಸಿನ ದನಿ. ಹಿಂದೆಯೇ ಚಿಲಕ ಸರಿದ ಸದ್ದು.

“ಮಾವಶಿ, ಕನ್ನಡದವ್ರು ಆಲೇತ್!” ಎಂದು ಶ್ರೇಯಾ ಖುಷಿಯಿಂದ ಕೂಗಿದಳು. (ಮಾವಶಿ ಅಂದರೆ ಚಿಕ್ಕಮ್ಮ, ಆಲೇತ್ ಅಂದರೆ ಬಂದಿದ್ದಾರೆ. ಇಲ್ಲಿನ ನಮ್ಮ ಮಕ್ಕಳ ಕನ್ನಡ ಅರ್ಧ ದಾರಿಯಲ್ಲಿ ಮರಾಠಿ ಬಸ್ಸು ಹತ್ತುತ್ತದೆ.)

ಎದ್ದು ಬಂದೆ. ನಡುವಯಸ್ಸಿನವರು, ಮೈಮೇಲೆ ಫ್ಯಾಕ್ಟರಿ ಯೂನಿಫಾರ್ಮು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ನನ್ನನ್ನು ಕಂಡು ಅವರೇ ಗಲಿಬಿಲಿಗೊಂಡರು.

“ಹಿರೇರು ಅದೀರೇನ್ರಿ? ಆರರ ತನಕ ಕೂಸು ಒಬ್ಬಾಕಿನೇ ಇರ್ತದ ಅಂತ ಓದಿದ್ದೆ.”

ಓದಿದ್ದಿರಾ? ಎಲ್ಲಿ?

“ನಮ್ಮ ವೆಬ್‌ಸೈಟಿನ್ಯಾಗ್ರಿ!”

ನನ್ನ ಕೈ ಬಾಗಿಲನ್ನು ಬಿಡಲಿಲ್ಲ. ಆದರೆ ಅವರು ಹೊಸ್ತಿಲು ದಾಟಲೂ ಇಲ್ಲ. ಕಲಬುರಗಿಯವರು, ಊರ ಹೊರಗಿನ ಶೇಂದ್ರಾದ ಕಾರ್ಖಾನೆಗೆ ಹೊಸದಾಗಿ ಬಂದವರು. ತಮ್ಮ ಮಗಳನ್ನೂ ಶ್ರೇಯಾಳ ಶಾಲೆಗೇ ಹಾಕಬೇಕೆಂದಿದ್ದರು, ಪಾಳಿ ಮುಗಿಸಿ ಹೋಗುವ ದಾರಿಯಲ್ಲಿ ಅವಳನ್ನೇ ವಿಚಾರಿಸಲು ಬಂದಿದ್ದರು. ಡಬ್ಬಿಯಲ್ಲಿ ಹೆಂಡತಿ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅದನ್ನು ಕೊಟ್ಟು, ಶಾಲೆಯ ಬಗ್ಗೆ ಕೇಳಿ, ನಮಸ್ಕಾರ ಹೇಳಿ ಹೊರಟರು. ಒಳ್ಳೆಯ ಮನುಷ್ಯ. ಹಿಂಡಿಯೂ ಚೆನ್ನಾಗಿತ್ತು.

ಅವರು ಹೋದ ಮೇಲೆ ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದೆ. ಇದೇ ಕನ್ನಡದಲ್ಲಿ ಬೇರೆ ಯಾರಾದರೂ ಕರೆದಿದ್ದರೆ?

ಶ್ರೇಯಾಳಿಂದ ಕಂಪ್ಯೂಟರ್ ಹಾಕಿಸಿ ಆ ವೆಬ್‌ಸೈಟು ನೋಡಿದೆ. ನಾಸಿಕ-ಔರಂಗಾಬಾದ್ ಕನ್ನಡಿಗರಿಗೆಂದು ನನ್ನ ಸಹೋದ್ಯೋಗಿ ಶಿವಾನಂದ ನಡೆಸುವ ಫೋರಮ್ ಅದು. ಮಕ್ಕಳ ವಿಭಾಗದಲ್ಲಿ ಶ್ರೇಯಾಳ ಪರಿಚಯ. ಹೆಸರು, ತರಗತಿ, ಶಾಲೆ, ಅಪಾರ್ಟ್‌ಮೆಂಟು, ಫ್ಲ್ಯಾಟ್ ನಂಬರು. ಕೊನೆಗೆ: “ಭಾಳ ಶಾಣ್ಯಾಕಿ. ಕೀಲಿ ತಾನೇ ತೆಗೆದು, ಆರರ ತನಕ ಒಬ್ಬಾಕಿನೇ ಓದಿಕೊಂಡು ಕೂಡತಾಳ.” ಓದಲು ಪಾಸ್‌ವರ್ಡು ಬೇಡ. ಯಾರು ಬೇಕಾದರೂ ಓದಬಹುದು.

ಶಿವಾನಂದನಿಗೆ ಫೋನ್ ಮಾಡಿದೆ. ಮಕ್ಕಳಿಗೆ ಏನೂ ನಿಯಮವಿಲ್ಲವೇನಪ್ಪಾ?

“ಇತ್ತಕ್ಕಾ. ಸಾಫ್ಟ್‌ವೇರು ಅಮೆರಿಕಾದ್ದು. ಹದಿಮೂರರ ಒಳಗಿನವ್ರು ಬಂದ್ರ ತಾಯಿ-ತಂದಿ ಸಹಿ ಮಾಡಿ ಫ್ಯಾಕ್ಸ್ ಕಳಸಬೇಕು ಅಂತದ. ನಮ್ಮ ಮಂದಿ ಫ್ಯಾಕ್ಸ್ ಎಲ್ಲಿಂದ ತರಬೇಕು? ಅದಕ್ಕ ಆಫ್ ಮಾಡಿದೆ. ನಮ್ಮ ಹುಡುಗರೇ ಅಲ್ಲೇನು?”

ನಮ್ಮ ಹುಡುಗರೇ. ನಮ್ಮ ಕಡೆಯವರೇ. ಯೋಚಿಸಿ ನೋಡಿ, ನಮ್ಮ ಕೂಟಗಳಲ್ಲಿ ಪರಿಚಯ ಹೇಗಿರುತ್ತದೆ? ಹೆಸರು, ಊರು, ಕೆಲಸದ ಬ್ರ್ಯಾಂಚು, ಆಮೇಲೆ ಮನೆ ಎಲ್ಲಿ ಅಂತ ಗುರುತು. “ಬರ್ರಿ ಮನೀಗೆ” ಎನ್ನದೆ ಮಾತು ಮುಗಿಸಿದರೆ ಸೊಕ್ಕು ಅಂದಾರು. ಸಭಾಂಗಣದಲ್ಲಿ ಅದು ಸರಿ. ಅಲ್ಲಿ ಕೇಳುವವರ ಮುಖ ಕಾಣುತ್ತದೆ. ಇಂಟರ್ನೆಟ್ಟಿನಲ್ಲಿ?

ಕುತೂಹಲಕ್ಕೆ ಆ ಅಮೆರಿಕದ ನಿಯಮವನ್ನು ಹುಡುಕಿ ಓದಿದೆ. ಮಕ್ಕಳ ಮಾಹಿತಿ ಪಡೆಯುವ ಮೊದಲು ಹೆತ್ತವರ ಒಪ್ಪಿಗೆ ಪಡೆಯಿರಿ ಎನ್ನುವುದು ಅದರ ತಿರುಳು. ನಮ್ಮ ದೇಶದಲ್ಲಿ ಅಂಥದ್ದು ನನಗಂತೂ ಸಿಗಲಿಲ್ಲ. ನಾಸಿಕದಲ್ಲಿ ಕೂತು ಫೋರಮ್ ನಡೆಸುವವನಿಗೆ ಅಮೆರಿಕದ್ದು ಅನ್ವಯಿಸುತ್ತದೆಯೋ ಇಲ್ಲವೋ, ಬಲ್ಲವರು ಹೇಳಬೇಕು.

ಸಂಜೆ ಗೆಳತಿ ಎಲ್ಲ ಕೇಳಿ ಒಂದೇ ಮಾತು ಹೇಳಿದಳು: “ಆಕಿ ಅಕೌಂಟ್ ಬಂದ್ ಮಾಡಸ್ರಿ.”

ಶ್ರೇಯಾಳ ಮುಖ ಬಾಡಿತು. ಅವಳು ಕನ್ನಡ ಬರೆಯುವ ಜಾಗ ಅದೊಂದೇ. ಲಿಫ್ಟಿನಲ್ಲಿ ಸಿಕ್ಕಿಬಿದ್ದ ಪಾರಿವಾಳದ ಬಗ್ಗೆ ಬರೆದಿದ್ದಳು. ನಾಲ್ಕು ಸಾಲು, ಸಾಲಿಗೆರಡು ತಪ್ಪು. ಆದರೂ ಓದಿದವರು ಪಾರಿವಾಳ ಏನಾಯಿತು ಎಂದು ಕೇಳಿದ್ದರು.

ಬಸವರಾಜರು ಸಮಾಧಾನಕ್ಕೆ ಬಂದರು. “ಪರ್ಮಿಶನ್ ಬೇಕಂದ್ರ ಈಗೇ ಸಹಿ ಮಾಡತೀನ್ರಿ. ಆಕಿ ಬರೀಲಿ. ಮನಿ ನಂಬರು, ಕೀಲಿ ಅಂತೆಲ್ಲ ಬರೀಬಾರದು, ತಿಳೀತಿಲ್ಲೋ, ಬಾಳಾ?” ಎಂದು ಮಗಳ ಕಡೆ ತಿರುಗಿದರು.

“ಪಪ್ಪಾ,” ಎಂದಳು ಶ್ರೇಯಾ. “ನಾ ಬರದದ್ದು ಪಾರಿವಾಳದ್ದು. ಪರಿಚಯ ನೀವು ಟೈಪ್ ಮಾಡಿದ್ರಲ್ಲ!”

ಹೌದು. ಆ ಪರಿಚಯದ ಮೇಲಿದ್ದದ್ದು ಬಸವರಾಜರದೇ ಹೆಸರು. ನಾನೂ ಅದನ್ನು ಗಮನಿಸಿದ್ದು ಆಗಷ್ಟೇ.

ಪರಿಚಯವನ್ನು ಶಿವಾನಂದ ಅಂದೇ ಅಳಿಸಿದ. ಆಫ್ ಮಾಡಿದ್ದ ನಿಯಮವನ್ನು ಮತ್ತೆ ಆನ್ ಮಾಡಿದ, ಫ್ಯಾಕ್ಸಿನ ಬದಲು ಫೋನಿನಲ್ಲೇ ಒಪ್ಪಿಗೆ ಕೇಳುತ್ತಾನಂತೆ. ಶ್ರೇಯಾಳ ಅಕೌಂಟು ಉಳಿದಿದೆ. ಈಗ ಅಲ್ಲಿ ಅವಳ ಹೆಸರು ಪಾರಿವಾಳ. ಅದನ್ನು ಆರಿಸಿಕೊಂಡದ್ದು ಅವಳೇ.

ನನ್ನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಕೂತಿದೆ. ಮಕ್ಕಳು ಬರೆಯಲು ಅಪ್ಪ-ಅಮ್ಮನ ಸಹಿ ಬೇಕು, ಸರಿ. ಮಕ್ಕಳ ಬಗ್ಗೆ ಅಪ್ಪ-ಅಮ್ಮ ಬರೆಯುವಾಗ ಯಾರ ಸಹಿ ಬೇಕು?