ಏಳು ಎಂದರೆ ಎದ್ದವಳು

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರನ್ನು ಮೌನಿ ಮೇಡಂ ಎಂದರೇ ಗೊತ್ತಾಗುವುದು. ಅಭ್ಯಾಸ ಪಾಠದ ದಿನ ಅಂಕದ ಹಾಳೆ ಹಿಡಿದು ತರಗತಿಯ ಕೊನೆಯ ಬೆಂಚಿನಲ್ಲಿ ಕೂತರೆಂದರೆ ಎಂಥ ಗಟ್ಟಿ ಪಿಂಡದವನಿಗೂ ಕಲಿತ ಪಾಠ ಮರೆತುಹೋಗುತ್ತಿತ್ತು. ಪಾಠ ಮುಗಿಯುವವರೆಗೆ ಮೇಡಂ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಡುವೆ ಬಾಯಿ ಹಾಕಿದರೆ ಮೇಷ್ಟ್ರು ಹುಟ್ಟುವುದಿಲ್ಲ ಎಂಬುದು ಅವರ ಹಟ.

ಆ ದಿನ ಉದ್ದಣ್ಣನ ಸರದಿ. ಬಾಗಿಲಲ್ಲಿ ತಲೆ ಬಗ್ಗಿಸದೆ ಬರಲಾಗದ ಎತ್ತರಕ್ಕೆ ಗೆಳೆಯರು ಇಟ್ಟ ಹೆಸರು ಅದು. ಹೋದ ಸಲ ಫೇಲಾಗಿದ್ದ. ಈ ಸಲವೂ ಕೈಕೊಟ್ಟರೆ ಮೇಷ್ಟ್ರಾಗುವ ಆಸೆಗೆ ಎಳ್ಳುನೀರು ಬಿಡಬೇಕಿತ್ತು.

ಮೂರನೇ ತರಗತಿ, ಕೂಡುವ ಲೆಕ್ಕ. ಅಂಕಿ ಬರೆದ ರಟ್ಟು ಎತ್ತಿ ಹಿಡಿದು, “ಏಳು!” ಎಂದ. ನಡುವಿನ ಸಾಲಿನ ಹುಡುಗಿಯೊಬ್ಬಳು ದಡಕ್ಕನೆ ಎದ್ದು ನಿಂತಳು. ಮಕ್ಕಳು ಕಿಸಕ್ಕೆಂದವು. ಸನ್ನೆಯಿಂದಲೇ ಅವಳನ್ನು ಕೂರಿಸಿ ಉದ್ದಣ್ಣ ಇನ್ನೊಂದು ರಟ್ಟು ತೆಗೆದ.

“ಏಳಕ್ಕೆ ಮೂರು ಸೇರಿಸಿದ್ರೆ... ಹತ್ತು!”

ಹುಡುಗಿ ಬೆಂಚು ಹತ್ತಿದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ನಗದೆ ನಿಂತವಳು ಅವಳೊಬ್ಬಳೇ. ಶಾಲೆಗೆ ಸೇರಿ ಎಂಟು ದಿನ, ಮನೆಯ ಭಾಷೆ ಬೇರೆ. ಅಮ್ಮ ಕಟ್ಟಡ ಕೆಲಸದವಳು. ಅಮ್ಮನಿಗೆ ಮೇಸ್ತ್ರಿ ದಿನವೆಲ್ಲ ಕೂಗುವ ‘ಏಳು, ಹತ್ತು, ಇಳಿ’ ಇಷ್ಟೇ ಆ ಮಗು ಕಲಿತ ನಮ್ಮ ಮಾತು. ಬೆಳಿಗ್ಗೆಯೇ ತರಗತಿಯ ಟೀಚರ್ ಇದನ್ನು ಮೇಡಂ ಕಿವಿಗೆ ಹಾಕಿದ್ದರು. ಉದ್ದಣ್ಣನೂ ಕೇಳಬಹುದಿತ್ತು. ರಟ್ಟು ಕತ್ತರಿಸುವ ಗಡಿಬಿಡಿಯಲ್ಲಿ ಮಕ್ಕಳು ಯಾರು ಎತ್ತ ಎಂದು ವಿಚಾರಿಸುವುದನ್ನೇ ಮರೆತಿದ್ದ, ಪುಣ್ಯಾತ್ಮ.

ಅವನಿಗೆ ಅದು ಬರೀ ತರಲೆಯಾಗಿ ಕಂಡಿತು. ಮುಖ ಕೆಂಪಾಯಿತು, ಬೆರಳು ಬಾಗಿಲ ಕಡೆ ಎದ್ದಿತು. “ಏಯ್, ನೀನು...”

ಮೇಡಂ ಅಂಕದ ಹಾಳೆ ಪಕ್ಕಕ್ಕಿಟ್ಟರು. ಸುಮ್ಮನಿದ್ದರೆ ಆ ಮಗು ನಾಳೆ ಶಾಲೆಯ ಕಡೆ ತಲೆ ಹಾಕುವುದಿಲ್ಲ, ಇವನೂ ಫೇಲು. ಆದರೂ ಬಾಯಿ ಬಿಡಲಿಲ್ಲ. ಗೋಡೆ ಹಿಡಿದು ಎದ್ದರು. ಹಾಳು ಮೊಣಕಾಲನ್ನು ಎರಡೂ ಕೈಯಿಂದ ಎತ್ತಿ, ಪಾದವನ್ನು ಬೆಂಚಿನ ಮೇಲಿಟ್ಟರು.

ಮಕ್ಕಳೆಲ್ಲ ಹಿಂದಕ್ಕೆ ತಿರುಗಿದವು. ಉದ್ದಣ್ಣ ಮೇಡಂ ಕಾಲು ನೋಡಿದ, ಕೈಯಲ್ಲಿದ್ದ ರಟ್ಟು ನೋಡಿದ. “ಏಳು... ಹತ್ತು...” ಎಂದು ಗೊಣಗಿ ಹಣೆ ಚಚ್ಚಿಕೊಂಡ.

“ಅಯ್ಯೋ, ತಪ್ಪು ನಂದು ಪುಟ್ಟಿ! ಇಳೀಬೇಡ!”

‘ಇಳಿ’ ಕಿವಿಗೆ ಬಿದ್ದದ್ದೇ ಇಳಿಯಹೊರಟವಳನ್ನು ಕೈಹಿಡಿದು ತಡೆದ. ಏಳು ಬೆರಳು ಬಿಡಿಸಿ ತೋರಿಸಿ, ನಿಮ್ಮಲ್ಲಿ ಏನಂತೀರಿ ಎಂದು ಸನ್ನೆಯಲ್ಲೇ ಕೇಳಿದ. ಅವಳು ಪಿಸುಮಾತಿನಲ್ಲಿ ಹೇಳಿದಳು. ತರಗತಿಯೆಲ್ಲ ಹೇಳಹೋಗಿ ನಾಲಿಗೆ ತೊಡರಿಸಿಕೊಂಡಿತು. ಅವಳು ತಲೆಯಾಡಿಸಿ, ಈ ಸಲ ದೊಡ್ಡ ದನಿಯಲ್ಲಿ ತಿದ್ದಿದಳು. ಲೆಕ್ಕ ಹತ್ತಕ್ಕೆ ಬಂದು ಮುಟ್ಟುವವರೆಗೂ ಬೆಂಚಿನ ಮೇಲಿನ ಟೀಚರ್ ಅವಳೇ.

ಗಂಟೆ ಹೊಡೆದ ಮೇಲೆ ಉದ್ದಣ್ಣ ಕೈಕಟ್ಟಿ ನಿಂತ. “ಮೇಡಂ, ನಿಜ ಹೇಳ್ತೀನಿ. ಆಚೆ ಹೋಗು ಅನ್ನೋದ್ರಲ್ಲಿದ್ದೆ.”

“ಗೊತ್ತು ಕಣಪ್ಪಾ. ಅನ್ನಲಿಲ್ವಲ್ಲ.”

ಹಾಳೆಯಲ್ಲಿ ‘ಪಾಸು’ ಎಂದು ಬರೆಯುವಾಗ ಮೇಡಂ ಕಣ್ಣು ತುಂಬಿತ್ತು.

“ನಾನು ಅಂದೇಬಿಟ್ಟಿದ್ದೆ, ಕೆಲಸಕ್ಕೆ ಸೇರಿದ ವರ್ಷ. ಆ ಮಗು ಮತ್ತೆ ಬರಲೇ ಇಲ್ಲ. ನನ್ನನ್ನ ತಡೆಯೋಕೆ ಅವತ್ತು ಅಲ್ಲಿ ಯಾರೂ ಇರಲಿಲ್ಲ ಕಣೋ.”