ಎಳೆ ವೈನನ್ನು ಹೊಗಳಿದವರು

ಬಾರೀಲೆ ಊರಿನ ಇನ್‌ಕೊರೊನಾತಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮನೆಗೆ ಬಂದವರಿಗೆಲ್ಲ ತೋಟದ ಅಲ್ಯಾನಿಕೊ ದ್ರಾಕ್ಷಿಯ ಎಳೆ ವೈನನ್ನೇ ಕೊಡುತ್ತಿದ್ದಳು. ವರ್ಷಗಟ್ಟಲೆ ಪೀಪಾಯಿಯಲ್ಲಿ ಮಾಗದಿದ್ದರೆ ಅದರ ಒಗರು ನಾಲಿಗೆಯನ್ನೇ ಹಿಂಡಿಬಿಡುತ್ತದೆ. ಅಂಥದ್ದನ್ನು ಹೊಗಳಿದವನು ಸುಳ್ಳುಗಾರನೆಂದು ಬಾಗಿಲು ತೋರಿಸುತ್ತಿದ್ದಳು. ಹೆಣ್ಣು ಕೇಳಲು ಬಂದವರಲ್ಲಿ ಕಾನಿಯೊ ಒಬ್ಬನೇ "ಥೂ, ಇದೇನು ವಿಷಾನಾ?" ಎಂದು ಉಗಿದಿದ್ದ. ಅವನನ್ನೇ ಮದುವೆಯಾದಳು. ಆಮೇಲೆ ಪ್ರತಿ ವಸಂತದಲ್ಲೂ ಹೊಸ ವೈನಿಗೆ ಮುಖ ಕಿವುಚುತ್ತಲೇ ಅವನು ಮುದುಕನಾದ.

ಕಳೆದ ವಾರ ತೋಟ ಕೊಳ್ಳಲು ಬಂದ ನೇಪಲ್ಸಿನ ವ್ಯಾಪಾರಿ ಒಂದು ಗುಟುಕು ಕುಡಿದು, "ಅಮೃತ ಕಣಮ್ಮಾ!" ಎಂದ. ಅವನನ್ನು ಪೊರಕೆ ಹಿಡಿದು ಓಡಿಸಿದಳು.

ಇವತ್ತು ಊಟಕ್ಕೆ ಕೂತ ಕಾನಿಯೊ ಲೋಟ ಬರಿದು ಮಾಡಿ, "ಈ ಸಲ ಚೆನ್ನಾಗೈತೆ ಕಣೆ," ಎಂದ.

ಇನ್‌ಕೊರೊನಾತಾ ಹೂಜಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಿಜ ಹೇಳು ಮುದುಕಾ, ತೋಟಾನ ಆ ಖದೀಮಂಗೇ ಮಾರ್ಬಿಟ್ಯಾ?"