ಕಂಬಳಿ ಮುಟ್ಟಿ ಒಪ್ಪಿಕೊಂಡ ತಪ್ಪು

"ಕೈ ನಡುಗೋದು ಎಲ್ರಿಗೂ ಕಾಣ್ತೈತೆ ಬೋರಕ್ಕ, ಪಾಪ ಅಂತಾರೆ. ಒಳಗಾಗೋದು ಯಾರಿಗೂ ಕಾಣಲ್ಲ. ಬೆಳಿಗ್ಗೆ ಎದ್ರೆ ಮುದ್ದೆ ತಿರುವೋಕೂ ಮನಸಿಲ್ಲ. ಕುರಿ ಈದ್ರೂ ಸಂತೋಷ ಇಲ್ಲ, ಮರಿ ಸತ್ರೂ ದುಃಖ ಇಲ್ಲ. ಸುಮ್ಸುಮ್ನೆ ಕಣ್ಣಾಗೆ ನೀರು ಬರ್ತೈತೆ. ನಾನು ಯಾರ ಮೇಲೂ ಮುನಿಸ್ಕಂಡಿಲ್ಲ. ಹಂಗಂತ ಯಾರಿಗೆ ಹೇಳ್ಲಿ?"

ಯಲ್ಲದಕೆರೆ ಕಡೆಯ ಹಟ್ಟಿಯ ಚಿತ್ತಮ್ಮ ಪಕ್ಕದ ಮನೆಯ ಬೋರಕ್ಕನಿಗೆ ಹೀಗೆ ಹೇಳಿದ್ದು ಎರಡು ಸಾವಿರದ ಐದರಲ್ಲಿ. ಅದಕ್ಕೆ ಹಿಂದಿನ ವರ್ಷ ಗಂಡ ಚಿತ್ತಯ್ಯ ಅವಳನ್ನು ಬೆಂಗಳೂರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದ್ದ. ಪಾರ್ಕಿನ್ಸನ್ ಅಂತ ಕಾಯಿಲೆಯ ಹೆಸರು. ಡಾಕ್ಟರು ವಿವರ ಹೇಳುವಾಗ ಅವನೊಬ್ಬನೇ ಒಳಗಿದ್ದ. ಹೊರಗೆ ಬಂದವನು, "ನಡುಕಕ್ಕೆ ಮಾತ್ರೆ ಕೊಟ್ಟವ್ರೆ, ಅಷ್ಟೇ ಕಣೆ" ಅಂದ.

ಮಗಳು ಕೀರ್ತನಾಳಿಗೆ ಗಂಡು ಗೊತ್ತಾಗುವ ಹೊತ್ತಿಗೆ ಚಿತ್ತಮ್ಮನ ಅಳು ಹಟ್ಟಿಗೆಲ್ಲ ಸುದ್ದಿಯಾಗಿತ್ತು. ಸಂಬಂಧ ಅವಳಿಗೆ ಇಷ್ಟವಿಲ್ಲ, ಅದಕ್ಕೇ ಮುನಿಸು ಅಂದರು ಬೀಗರು. "ಅತ್ಗೆಮ್ಮ, ನಿನ್ ಮುಖ ನೋಡಿದ್ರೆ ವಾಲಗದೋರೂ ಅತ್ಕಂಡು ಹೋಗ್ತಾರೆ" ಅಂತ ಮೈದುನ ಬೀರಪ್ಪ ನಗಾಡಿದ. ಕೊನೆಗೆ ಹಿರಿಯರನ್ನು ಕೂರಿಸಿ ಕರಿಕಂಬಳಿ ಹಾಸಿದರು. ಕಂಬಳಿ ಮುಟ್ಟಿ ಆಡಿದ ಮಾತನ್ನು ಹಟ್ಟಿಯಲ್ಲಿ ಯಾರೂ ಸುಳ್ಳೆನ್ನುವುದಿಲ್ಲ. ಚಿತ್ತಯ್ಯನೇ ಅವಳ ನಡುಗುವ ಕೈ ಹಿಡಿದು ಅದರ ಮೇಲಿಟ್ಟ. ಮಗಳ ಮದುವೆ ನಿಲ್ಲಬಾರದೆಂದು, "ಮುನಿಸ್ಕಂಡಿದ್ದೆ, ತಪ್ಪಾತು" ಅಂದಳು.

ಮದುವೆಯಾಗಿ ಎರಡು ವರ್ಷಕ್ಕೆ ನಡುಕ ಜಾಸ್ತಿಯಾಗಿ ಮತ್ತೆ ಬೆಂಗಳೂರಿಗೆ ಹೋದರು. ಈ ಸಲ ಅದೇ ಡಾಕ್ಟರಮ್ಮ ಚಿತ್ತಮ್ಮನನ್ನೇ ಎದುರು ಕೂರಿಸಿಕೊಂಡರು.

"ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯೋ ಬಿಳಿ ಎಳೆಗಳಿರ್ತವೆ ಅಮ್ಮ. ಈ ಕಾಯಿಲೆಯಲ್ಲಿ ಕೆಲವರಿಗೆ ಆ ಸಂಪರ್ಕ ಸೊರಗುತ್ತೆ. ಮನಸ್ಸು ಕುಗ್ಗೋದಕ್ಕೂ ಅದಕ್ಕೂ ನಂಟಿದೆ ಅಂತ ಕಾಣುತ್ತೆ. ಇದೂ ಕಾಯಿಲೇನೇ, ನಿಮ್ಮ ತಪ್ಪಲ್ಲ. ಅವತ್ತೇ ನಿಮ್ಮ ಯಜಮಾನರಿಗೆ ಹೇಳಿ, ಮನಸ್ಸಿಗೂ ಮಾತ್ರೆ ಬರೆದುಕೊಟ್ಟಿದ್ದೆನಲ್ಲ?"

ಚಿತ್ತಯ್ಯ ಹಿರಿಯೂರಿನಲ್ಲಿ ಬಸ್ಸಿಳಿದ ಮೇಲೆ ಬಾಯಿಬಿಟ್ಟ.

"ತಲೆ ಕೆಟ್ಟೋರ ಮಾತ್ರೆ ಅಂತ ಗೊತ್ತಾಗಿದ್ರೆ ಗಂಡಿನೋರು ಹಿಂದೆ ಸರೀತಿದ್ರು. ಮದುವೆ ಆಗೋಗಂಟ ಅಂತ ಸುಮ್ನಿದ್ದೆ."

"ಆಮೇಲೂ ತರ್ಲಿಲ್ವಲ್ಲ."

ಅವನು ಈ ಸಲ ಕೊಂಡ ಮಾತ್ರೆಯ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಗೊತ್ತಿದ್ದೂ ನನ್ ಕೈ ಹಿಡ್ದು ಕಂಬಳಿ ಮ್ಯಾಲೆ ಇಟ್ಯಲ್ಲಯ್ಯ. ನಾಳೆ ಹಿರೇರನ್ನ ಕರಿ. ಅವಳು ಮುನಿಸ್ಕಂಡಿರ್ಲಿಲ್ಲ, ಕಾಯಿಲೆ ಇತ್ತು ಅಂತ ನೀನೇ ಹೇಳು."

"ಮುಗ್ದೋದ ಮಾತು ಬಿಡೇ. ಈಗ ಹೇಳಿದ್ರೆ ನನ್ ಮರ್ವಾದೆ ಏನಾಗ್ಬೇಕು?"

ಚಿತ್ತಮ್ಮ ಮಾತ್ರೆಯ ಪೊಟ್ಟಣವನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿಗೆ ಕಟ್ಟಿದಳು. ಹಟ್ಟಿ ಸೇರುವಾಗ ಕುರಿಗಳು ಮೇದು ತಿರುಗಿದ್ದವು. ಗೂಡಿನಲ್ಲಿ ಮರಿಗಳು ಅರಚುತ್ತಿದ್ದವು. ಚಿತ್ತಯ್ಯ ಗೂಡಿನ ಬಾಗಿಲಿಗೆ ಕೈ ಹಾಕಿದ. "ಬಿಡು, ನಾನೇ ತೆಗೀತೀನಿ" ಅಂದಳು. ಅಗುಳಿ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಂದೊಂದೇ ಮರಿಯನ್ನು ಎತ್ತಿ, ಅದರದರ ತಾಯಿಯ ಕೆಚ್ಚಲಿಗೆ ಬಿಡತೊಡಗಿದಳು.